ಪಿಸಿಎಂಬಿ ಪುರಾಣ

(ಗಜೇಂದ್ರಗಡದ ಬಸ್‌ಸ್ಟ್ಯಾಂಡ್ ಎದುರಿನ ಚಾದಂಗಡಿ. ಮಗಳ ಎಸ್ಸೆಸ್ಸೆಲ್ಸಿ ಫಲಿತಾಂಶದ ಮರುದಿನ. ರೋಣದ ಕಾಕಾ ಬಂದಿದ್ದಾರೆ. ವಿಜ್ಞಾನ ಓದಿದವರಲ್ಲ, ಆದ್ದರಿಂದಲೇ ಸಲಹೆಗೆ ಬರವಿಲ್ಲ.)

ಕಾಕಾ: ಮಗಳ್ನ ಪಿಯುಸಿಯಾಗ ಪಿಸಿಎಂಬಿಗೆ ಹಚ್ಚು, ತಮ್ಮಾ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ. ಡಾಕ್ಟರ್ ತಪ್ಪಿದ್ರ ಎಂಜಿನಿಯರ್.

ಅಪ್ಪ: ಬಯಾಲಜಿ ಬದಲಿ ಕಂಪ್ಯೂಟರ್ ಕೊಡಸ್ಲೇನ್ರಿ?

ಕಾಕಾ: ಹುಚ್ಚಪ್ಪಾ! ನೀಟ್‌ನ್ಯಾಗ 720ಕ್ಕ 360 ಮಾರ್ಕು ಬಯಾಲಜೀವ!

ಅಪ್ಪ: ಎಂಜಿನಿಯರಿಂಗ್ ಸಿಇಟಿಗೆ?

ಕಾಕಾ: ಅದಕ್ಕ ಬ್ಯಾಡ. ಆದ್ರ ಮಂದಿ ಮುಂದ ಬೇಕು.

ಅಪ್ಪ: ನಿಮ್ಮ ಮಗಾ ನರಗುಂದದಾಗ ಪಿಸಿಎಂಬಿನ ಓದಿದ್ನಲ್ರಿ?

ಕಾಕಾ: ಹೂಂ. ಈಗ ಬಿ.ಎ. ಮಾಡಾಕತ್ಯಾನ. ಬುನಾದಿ ಗಟ್ಟಿ ಐತಿ.

ಮಗಳು: ಕಾಕಾ, ನನಗೂ ಪಿಸಿಎಂಬಿನ ಬೇಕ್ರಿ.

ಕಾಕಾ: ಶಾಣ್ಯಾಕಿ! ಯಾವ ಡಾಕ್ಟರ್ ಆಗ್ತಿ?

ಮಗಳು: ಧಾರವಾಡ ಕೃಷಿ ವಿಶ್ವವಿದ್ಯಾಲಯದಾಗ ಬಿಎಸ್ಸಿ ಅಗ್ರಿ. ರೈತರ ಮಕ್ಕಳಿಗೆ ಕೋಟಾ ಐತಿ, ಪ್ರಾಕ್ಟಿಕಲ್ ಪರೀಕ್ಷಾನೂ ಇರ್ತದ. ಕಡ್ಲಿ, ಜ್ವಾಳ ನಂಗ ಗೊತ್ತದಾವ.

ಕಾಕಾ: (ಬಶಿ ಕೆಳಗಿಟ್ಟು) ಹೊಲ ಬಿಡಸಾಕ ಓದಸೂದು, ಓದಿ ಮತ್ತ ಹೊಲಕ್ಕ? ತಮ್ಮಾ, ಕಂಪ್ಯೂಟರ್‌ಗೆ ಹಚ್ಚು!

(ಮಗಳು ಅರ್ಜಿಯಲ್ಲಿ ತಾನೇ ಪಿಸಿಎಂಬಿ ಬರೆದಳು. ಕಾಕಾನ ಎರಡು ಚಹಾದ ದುಡ್ಡು ಅಪ್ಪನೇ ಕೊಟ್ಟ.)