ಫೈಲ್ ಮ್ಯಾನೇಜರ್ ಮೀಮಾಂಸೆ: ಕಿಟಕಿ ಒಂದೋ ಎರಡೋ ಎಂಬ ವಿಚಾರ

ಶಾಸ್ತ್ರಗ್ರಂಥಕ್ಕೆ ಕೈಹಾಕುವ ಮುನ್ನ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಲಿನಕ್ಸ್ ಡೆಸ್ಕ್‌ಟಾಪಿಗೆ ಯಾವ ಫೈಲ್ ಮ್ಯಾನೇಜರ್ ತಕ್ಕದ್ದು ಎಂಬುದು. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು: ನಿನ್ನೆ ಇಳಿಸಿಕೊಂಡ ಪಿಡಿಎಫ್ ಎಲ್ಲಿ ಹೋಯಿತೆಂದು ತಿಳಿಯದೆ ಇವತ್ತು ಅದನ್ನೇ ಮತ್ತೆ ಇಳಿಸಿಕೊಂಡವನು. ಸಂಬಂಧ: ಆ ಎರಡು ಪಿಡಿಎಫ್‌ಗಳ ನಡುವಿನದು. ಪ್ರಯೋಜನ: ಮೂರನೆಯ ಸಲ ಇಳಿಸದಿದ್ದರೆ ಡಿಸ್ಕಿನಲ್ಲಿ ಉಳಿಯುವ ಜಾಗ.

ಅನ್ಯಮತಗಳಲ್ಲಿ ಈ ಜಿಜ್ಞಾಸೆಗೆ ಆಸ್ಪದವೇ ಇಲ್ಲ. ವಿಂಡೋಸಿನವರಿಗೆ ಎಕ್ಸ್‌ಪ್ಲೋರರ್, ಮ್ಯಾಕಿನವರಿಗೆ ಫೈಂಡರ್. ಬಡಿಸಿದ್ದನ್ನು ಉಂಡು ಏಳುತ್ತಾರೆ. ಲಿನಕ್ಸಿನಲ್ಲಿ ಮೂಲಸಂಕೇತ ಎಲ್ಲರಿಗೂ ಮುಕ್ತ. ಆದ್ದರಿಂದ ಊಟಕ್ಕಿಂತ ಮೊದಲು ವಾದ.

ವಾದಿಗಳಲ್ಲಿ ಎರಡು ಪಂಗಡ. ದ್ವೈತಿಗಳಿಗೆ ಕಿಟಕಿಯಲ್ಲಿ ಎರಡು ಅಂಕಣ ಬೇಕೇ ಬೇಕು: ಎಡಕ್ಕೆ ಇರುವುದು, ಬಲಕ್ಕೆ ಸೇರಬೇಕಾದದ್ದು. ಎಫ್5 ಒತ್ತಿದರೆ ಇಲ್ಲಿಂದ ಅಲ್ಲಿಗೆ ಕಾಪಿ, ಎಫ್6 ಒತ್ತಿದರೆ ಜಾಗ ಬದಲು. ಎರಡು ಅಂಕಣಗಳ ಭೇದ ನಿತ್ಯ, ಸತ್ಯ ಎಂಬುದು ಇವರ ಮತ. ಇವರು ಭೇದಗಳನ್ನು ಐದಕ್ಕೆ ಏರಿಸಲು ಬಹಳ ಹೆಣಗಿದ್ದಾರೆ. ಅಂಕಣಕ್ಕೂ ಅಂಕಣಕ್ಕೂ, ಅಂಕಣಕ್ಕೂ ಫೈಲಿಗೂ, ಫೈಲಿಗೂ ಫೈಲಿಗೂ ಎನ್ನುವ ತನಕ ಲೆಕ್ಕ ಸರಿಯಾಗಿಯೇ ಬಂತು. ಫೈಲಿಗೂ ಫೋಲ್ಡರಿಗೂ ಎನ್ನುವಷ್ಟರಲ್ಲಿ, ಯೂನಿಕ್ಸ್ ಪರಂಪರೆಯಲ್ಲಿ ಫೋಲ್ಡರೂ ಒಂದು ಬಗೆಯ ಫೈಲೇ ಎಂದು ಯಾರೋ ನೆನಪಿಸಿ ಸಭೆ ಕೆಡಿಸಿದರು. ಅದ್ವೈತಿಗಳಿಗೆ ಇದೆಲ್ಲ ಭ್ರಾಂತಿ. ಕಿಟಕಿ ಒಂದೇ, ಎರಡಾಗಿ ಕಂಡರೆ ಅದು ಕಣ್ಣಿನ ದೋಷ, ಇಲ್ಲವೇ ಕಂಟ್ರೋಲ್ ಎನ್ ಒತ್ತಿದ್ದರ ಫಲ.

ಇನ್ನು ಪರಂಪರೆ. ದ್ವೈತದ ಬೀಜ ಜಾನ್ ಸೋಚಾ ಬರೆದು 1986ರಲ್ಲಿ ಹೊರಬಂದ ನಾರ್ಟನ್ ಕಮಾಂಡರ್. ಅದರ ಧಾಟಿಯಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಜಾ 1994ರಲ್ಲಿ ಮಿಡ್‌ನೈಟ್ ಕಮಾಂಡರ್ ಬರೆಯತೊಡಗಿದರು. ಮೂರು ವರ್ಷದ ಮೇಲೆ ಫೆಡೆರಿಕೊ ಮೇನಾ ಜೊತೆಗೂಡಿ ಅವರೇ ಗ್ನೋಮ್ ಡೆಸ್ಕ್‌ಟಾಪ್ ಸ್ಥಾಪಿಸಿದರು. ಗ್ನೋಮಿನ ಮೊದಲ ಫೈಲ್ ಮ್ಯಾನೇಜರ್ ಕೂಡ ಆ ಕಮಾಂಡರ್‌ನ ಮೇಲೇ ಕಟ್ಟಿದ್ದು. ಆಮೇಲೆ ಬಂತು ನಾಟಿಲಸ್. ಅದನ್ನು ಕಟ್ಟಿದ ಈಜೆಲ್ ಕಂಪನಿಯಲ್ಲಿ ಮೊದಲ ಮ್ಯಾಕಿಂತೋಷ್ ತಂಡದ ಆಂಡಿ ಹರ್ಟ್ಜ್‌ಫೆಲ್ಡ್ ಇದ್ದರು. 2001ರ ಮಾರ್ಚಿನಲ್ಲಿ ನಾಟಿಲಸ್ 1.0 ಬಂತು, ಮೇ ತಿಂಗಳಲ್ಲಿ ಕಂಪನಿ ಬಾಗಿಲು ಹಾಕಿತು. ಹೆತ್ತ ಕಂಪನಿ ಹೋದರೂ ಕೂಸು ಗ್ನೋಮಿನ ಮನೆಯಲ್ಲಿ ಬೆಳೆಯಿತು. ಬೆಳೆದು ಏನು ಮಾಡಿತು? 2012ರಲ್ಲಿ, 3.6ನೇ ಆವೃತ್ತಿಯಲ್ಲಿ, ಎಫ್3 ಒತ್ತಿದರೆ ತೆರೆಯುತ್ತಿದ್ದ ಎರಡನೆಯ ಅಂಕಣವನ್ನೇ ಕಿತ್ತುಹಾಕಿತು. ದ್ವೈತಿ ಸ್ಥಾಪಿಸಿದ ಮಠದಲ್ಲಿ ಅದ್ವೈತದ ಪಟ್ಟಾಭಿಷೇಕ! ಇಂಥದ್ದು ಧರ್ಮಶಾಸ್ತ್ರದ ಇತಿಹಾಸದಲ್ಲೂ ವಿರಳ.

ಇಲ್ಲಿಂದ ನಮ್ಮ ಮುಖ್ಯ ಪ್ರಮೇಯ. ಹೈಸ್ಕೂಲಿನ ವ್ಯಾಕರಣವೇ ಇದಕ್ಕೆ ಸಾಕು. ಇದ್ದ ಗುಂಡಿ ಹೋಗುವುದು ಲೋಪ. ಇಲ್ಲದ್ದು ನಡುವೆ ಬಂದು ಸೇರುವುದು ಆಗಮ. ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುವುದು ಆದೇಶ. ಅದೇ 3.6ರಲ್ಲಿ ಆದೇಶಕ್ಕೂ ಉದಾಹರಣೆ ಉಂಟು: ಅದುವರೆಗೆ ಕೀಲಿಮಣೆಯಲ್ಲಿ ‘ಮ’ ಒತ್ತಿದರೆ ‘ಮದುವೆ ಫೋಟೋ’ ಎಂಬ ಫೋಲ್ಡರಿನ ಮೇಲೆ ಹೋಗಿ ನಿಲ್ಲುತ್ತಿದ್ದುದು, ಅಲ್ಲಿಂದಾಚೆ ಒಳಗಿನ ಫೋಲ್ಡರುಗಳನ್ನೆಲ್ಲ ಜಾಲಾಡಿ ಮನೆ, ಮಂಗಳೂರು, ಮಾವಿನಕಾಯಿ ಚಿತ್ರಾನ್ನ ಎಲ್ಲವನ್ನೂ ಎದುರಿಗೆ ತಂದು ಸುರಿಯತೊಡಗಿತು. ಆಗಮಕ್ಕೆ ಎಕ್ಸ್‌ಎಫ್‌ಸಿಇಯ ಥುನಾರ್ ಸಾಕ್ಷಿ. 2007ರಿಂದ ಒಂದೇ ಅಂಕಣದಲ್ಲಿ ಸಂಸಾರ ಮಾಡಿಕೊಂಡಿದ್ದ ಅದು 2022ರ ಡಿಸೆಂಬರಿನ 4.18ರಲ್ಲಿ ಎರಡನೆಯದನ್ನು ಒಳಗೆ ಕರೆದುಕೊಂಡಿತು. ಇದರಿಂದ ಸಿದ್ಧವಾಗುವ ಸೂತ್ರ: ಲೋಪವಾದಲ್ಲಿ ಶಾಖೆ. ಗ್ನೋಮ್ ಎಫ್3 ಕಿತ್ತ ವರ್ಷವೇ ಲಿನಕ್ಸ್ ಮಿಂಟಿನವರು ಹಳೆಯ ನಾಟಿಲಸ್ಸನ್ನು ಹೊತ್ತೊಯ್ದು ನೆಮೋ ಎಂದು ನಾಮಕರಣ ಮಾಡಿದರು. ಅಲ್ಲಿ ಎಫ್3 ಈಗಲೂ ಇದೆ. ಕೀಲಿಮಣೆಯ ಮೇಲೆ ಹನ್ನೆರಡು ಎಫ್‌ಗಳಿವೆ ಎಂಬುದನ್ನು ನೆನೆದರೆ ಮುಂದಿನ ಮಠಗಳ ಬಗ್ಗೆ ಆತಂಕವಾಗುತ್ತದೆ.

ಕೆಡಿಇಯ ಡಾಲ್ಫಿನ್ ವಿಶಿಷ್ಟಾದ್ವೈತ. ಇರುವುದು ಒಂದೇ, ಎಫ್3 ಒತ್ತಿ ಪ್ರಾರ್ಥಿಸಿದರೆ ಎರಡಾಗಿ ದರ್ಶನ ಕೊಡುತ್ತದೆ, ಎಫ್4ಕ್ಕೆ ಕೆಳಗಡೆ ಟರ್ಮಿನಲ್ಲನ್ನೂ ಕರುಣಿಸುತ್ತದೆ. ಇದಕ್ಕೂ ಹಿಂದೆ ಆ ಪೀಠದಲ್ಲಿದ್ದದ್ದು ಕಾಂಕರರ್. ಅದು ಫೈಲನ್ನೂ ನೋಡುತ್ತಿತ್ತು, ವೆಬ್ ಪುಟವನ್ನೂ ತೋರಿಸುತ್ತಿತ್ತು. ಅದರ ಹೊಟ್ಟೆಯಲ್ಲಿದ್ದ ಕೆಎಚ್‌ಟಿಎಂಎಲ್ ಎಂಜಿನ್ನನ್ನು ಆಪಲ್ ಎತ್ತಿಕೊಂಡು ಸಫಾರಿ ಮಾಡಿತು, ಅದೇ ಕವಲಿನಿಂದ ಮುಂದೆ ಕ್ರೋಮ್ ಬಂತು. ಅಂದರೆ ಇಂದು ಜಗತ್ತಿನ ಬಹುಪಾಲು ಜನ ಫೋನಿನಲ್ಲಿ ಕ್ರಿಕೆಟ್ ಸ್ಕೋರು ನೋಡುತ್ತಿರುವುದು ಒಂದು ಫೈಲ್ ಮ್ಯಾನೇಜರಿನ ಮೊಮ್ಮಕ್ಕಳ ಮೂಲಕ. ಕಾಂಕರರ್‌ಗೆ ಮಾತ್ರ 2008ರಲ್ಲಿ ವಾನಪ್ರಸ್ಥ.

ಟರ್ಮಿನಲ್ಲಿನಲ್ಲಿ ರೇಂಜರ್, ಎನ್‌ಎನ್‌ಎನ್ ಇತ್ಯಾದಿಗಳನ್ನು ಬಳಸುವ ಅವಧೂತರನ್ನು ಈ ಶಾಸ್ತ್ರ ದೂರದಿಂದಲೇ ನಮಸ್ಕರಿಸುತ್ತದೆ. ಅವರು ಮೌಸನ್ನು ಮುಟ್ಟುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಮಿಡ್‌ನೈಟ್ ಕಮಾಂಡರಿನಲ್ಲಿ ‘ಚಿಕ್ಕಪ್ಪನ ಷಷ್ಟ್ಯಬ್ದಿ’ ಎಂಬ ಫೋಲ್ಡರ್ ಇಟ್ಟು ನೋಡಿ. ಟರ್ಮಿನಲ್ಲಿಗೆ ಪ್ರತಿ ಅಕ್ಷರಕ್ಕೂ ಅಳೆದಿಟ್ಟ ಅಗಲದ ಜಾಗ ಬೇಕು. ನಮ್ಮ ಒತ್ತಕ್ಷರಗಳು ಆ ಅಳತೆಗೆ ಬಗ್ಗುವವಲ್ಲ. ಆ ಸಾಲಿನಲ್ಲಿ ನಡುವಿನ ಗೆರೆ ಪಕ್ಕಕ್ಕೆ ಸರಿಯುತ್ತದೆ. ದ್ವೈತದ ಭೇದರೇಖೆಯನ್ನೇ ಅಲ್ಲಾಡಿಸಿದ ಕೀರ್ತಿ ಕನ್ನಡದ ‘ಷ್ಟ್ಯ’ಕ್ಕೆ ಸಲ್ಲಬೇಕು.

ಈಗ ಮಾಯಾಪ್ರಕರಣ. ಪೆನ್‌ಡ್ರೈವಿಗೆ ದೊಡ್ಡದೊಂದು ಸಿನಿಮಾ ಕಾಪಿ ಮಾಡಿದಿರಿ. ಹಸಿರು ಪಟ್ಟಿ ಸರ್ರನೆ ಓಡಿ ನೂರು ಮುಟ್ಟಿತು. ‘ಇಜೆಕ್ಟ್’ ಒತ್ತಿದರೆ, ಇನ್ನೂ ಬರೆಯುತ್ತಿದ್ದೇನೆ, ಕೀಳಬೇಡಿ ಎನ್ನುತ್ತದೆ. ಮುಗಿದದ್ದು ಮುಗಿದಿಲ್ಲ! ಶಿಷ್ಯರು ಇದಕ್ಕೆ ನಾಟಿಲಸ್ಸನ್ನು ಬೈದು ಡಾಲ್ಫಿನ್ನಿಗೆ ಹೋಗುತ್ತಾರೆ, ಅಲ್ಲೂ ಅದೇ ಆಗಿ ಥುನಾರ್‌ಗೆ ಬರುತ್ತಾರೆ. ಮೂವರೂ ನಿರಪರಾಧಿಗಳು. ಕರ್ನಲ್ ಮೊದಲು ಎಲ್ಲವನ್ನೂ ರ‍್ಯಾಮಿಗೆ ತುಂಬಿಕೊಂಡು ಆಯಿತು ಎಂದುಬಿಡುತ್ತದೆ. ನಿಧಾನಸ್ಥ ಪೆನ್‌ಡ್ರೈವಿಗೆ ಇಳಿಸುವುದು ಆಮೇಲೆ. ಅವಸರದಿಂದ ಕಿತ್ತವನಿಗೆ ಸಿನಿಮಾ ಮಧ್ಯಂತರಕ್ಕೇ ಮುಗಿಯುತ್ತದೆ.

ಪ್ರಾಯಶ್ಚಿತ್ತ, ಕಾಲನಿರ್ಣಯ ಮುಂತಾದವನ್ನು ಬಿಟ್ಟು ನೇರ ನಿರ್ಣಯಕ್ಕೆ ಬರೋಣ. ಯಂತ್ರ ಹಳೆಯದು, ರ‍್ಯಾಮ್ ಬಡವಾದದ್ದು ಎಂದಾದರೆ ಪಿಸಿಮ್ಯಾನ್‌ಎಫ್‌ಎಂ. ವಿಂಡೋಸ್ ಬಿಟ್ಟುಬಂದ ಸೋದರಮಾವನಿಗೆ ನೆಮೋ. ಕ್ಯಾಮೆರಾದ ನಾನೂರು ಚಿತ್ರಗಳ ಹೆಸರನ್ನು ಒಟ್ಟಿಗೇ ಬದಲಿಸಬೇಕಾದವರಿಗೆ ಥುನಾರ್‌ನ ಸಾಮೂಹಿಕ ನಾಮಕರಣ ಸಲಕರಣೆ; ನಾವು ಪಕ್ಷಪಾತ ತೋರುವುದು ಇಲ್ಲೊಂದೇ ಕಡೆ. ಗ್ನೋಮಿನಲ್ಲಿ ಡಾಲ್ಫಿನ್ ಬೇಕೆನ್ನುವವರಿಗೆ ಅಡ್ಡಿಯಿಲ್ಲ, ಆದರೆ ಅದು ಕೆಡಿಇಯ ನೆಂಟರಿಷ್ಟರನ್ನೆಲ್ಲ ಕರೆದುಕೊಂಡೇ ಬರುತ್ತದೆ. ಡಾಲ್ಫಿನ್ನಿನಲ್ಲಿ ಒಂದೇ ಕ್ಲಿಕ್ಕಿಗೆ ಫೋಲ್ಡರ್ ತೆರೆದುಕೊಂಡರೆ ಗಾಬರಿ ಬೇಡ, ಅದು ಪೂರ್ವಾಚಾರ. 2024ರಲ್ಲಿ ಬಂದ ಕೆಡಿಇಯ ಪ್ಲಾಸ್ಮಾ 6ರಿಂದ ಎರಡು ಕ್ಲಿಕ್ಕೇ ವಿಧಿ.

ಕಡೆಗೆ ಲೋಕಾಯತರು. ಇವರು ಯಾವ ಫೈಲ್ ಮ್ಯಾನೇಜರನ್ನೂ ಒಪ್ಪುವವರಲ್ಲ. ಕಣ್ಣಿಗೆ ಕಂಡದ್ದೇ ಪ್ರಮಾಣವೆಂದು ಸಕಲ ಫೈಲುಗಳನ್ನೂ ಡೆಸ್ಕ್‌ಟಾಪಿನ ಮೇಲೇ ಹರವಿಕೊಂಡವರು, ವಾಲ್‌ಪೇಪರಿನಲ್ಲಿರುವುದು ಜೋಗವೋ ಹಂಪಿಯೋ ಎಂದು ಮರೆತವರು. ಸಂಖ್ಯೆಯಲ್ಲಿ ಇವರೇ ಹೆಚ್ಚೆಂದು ನಮ್ಮ ಅನುಮಾನ. 2018ರಲ್ಲಿ ಗ್ನೋಮ್ 3.28 ಡೆಸ್ಕ್‌ಟಾಪಿನ ಮೇಲೆ ಐಕಾನ್ ಬಿಡಿಸುವ ಕೆಲಸವನ್ನೇ ನಾಟಿಲಸ್ಸಿನಿಂದ ಕಿತ್ತುಕೊಂಡಿತು. ಆಮೇಲೆ ಎಕ್ಸ್‌ಟೆನ್ಷನ್ನೊಂದು ಬಂದು ಐಕಾನುಗಳನ್ನು ಮರಳಿ ತಂದಿತೆನ್ನಿ. ಆದರೆ ಆ ನಡುವೆ, ಫೈಲೆಲ್ಲ ಹೋದವೆಂದು ತಲೆಯ ಮೇಲೆ ಕೈಹೊತ್ತ ಲೋಕಾಯತರಿಗೆ ಅವು ‘ಡೆಸ್ಕ್‌ಟಾಪ್’ ಎಂಬ ಫೋಲ್ಡರಿನಲ್ಲಿ ಸುಖವಾಗಿವೆ ಎಂದು ತೋರಿಸಿಕೊಡಬೇಕಾಯಿತು. ತಮ್ಮ ಕಂಪ್ಯೂಟರಿನಲ್ಲಿ ಫೈಲ್ ಮ್ಯಾನೇಜರ್ ಎಂಬುದೊಂದಿದೆ ಎಂದು ಅವರಲ್ಲಿ ಎಷ್ಟೋ ಜನರಿಗೆ ಗೊತ್ತಾದದ್ದೇ ಆವತ್ತು.