ಜಪಾನಿ ವಾಹನ ಪುನರ್ಜನ್ಮ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಈ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಪ್ರಕೃತ ಶಾಸ್ತ್ರದ ವಿಷಯ, ಜಪಾನಿನಲ್ಲಿ ಆಯುಸ್ಸು ತೀರಿ ಕೀನ್ಯಾದಲ್ಲಿ ಮರುಹುಟ್ಟು ಪಡೆಯುವ ಸೆಕೆಂಡ್ ಹ್ಯಾಂಡ್ ಕಾರು. ಪ್ರಯೋಜನ, ಮಟಾಟು ಎಂಬ ಬಾಡಿಗೆ ವ್ಯಾನಿನಲ್ಲಿ ಪಕ್ಕದವರ ಮೊಣಕೈ ತಿವಿಸಿಕೊಳ್ಳದೆ ಆಫೀಸು ಮುಟ್ಟುವುದು. (ಆ ಮಟಾಟುವೂ ಹೆಚ್ಚಾಗಿ ಜಪಾನಿನಿಂದಲೇ ಇಳಿದುಬಂದ ಟೊಯೊಟಾ ಹೈಏಸ್ ಎಂಬುದು ಬೇರೆ ಮಾತು.) ಸಂಬಂಧ, ಬಹುಪಾಲು ಬ್ಯಾಂಕಿನದು. ಅಧಿಕಾರಿಯ ವಿಚಾರದಲ್ಲಿ ಮಾತ್ರ ತೊಡಕುಂಟು. ಕರ್ನಾಟಕದಲ್ಲಿ ಕೂತವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವೇ ಇಲ್ಲ. ಮೂರು ವರ್ಷ ದಾಟಿದ ಹಳೆಯ ಕಾರನ್ನು ಭಾರತ ಸರ್ಕಾರ ಒಳಗೆ ಬಿಡುವುದಿಲ್ಲ. ಬಿಟ್ಟ ಕಾರಿಗೆ ಹೇರುವ ಸುಂಕ ಎಂಥವರಿಗೂ ವೈರಾಗ್ಯ ತರಿಸುತ್ತದೆ. ಆದಕಾರಣ ನೈರೋಬಿ, ಮೊಂಬಾಸಾಗಳಲ್ಲಿ ನೌಕರಿಗಿರುವ ಕನ್ನಡಿಗರೇ ಮುಖ್ಯ ಅಧಿಕಾರಿಗಳು. ಉಳಿದವರಿಗೆ ಶ್ರವಣಮಾತ್ರ.

ಮೊದಲನೆಯ ಸಂದೇಹ: ಗಟ್ಟಿಮುಟ್ಟಾಗಿರುವ ಕಾರು ಜಪಾನಿನಲ್ಲಿ ಸಾಯುವುದೇಕೆ? ಪೂರ್ವಪಕ್ಷದವರು ‘ಒಳಗೆ ಏನೋ ರೋಗವಿದೆ, ಇಲ್ಲದಿದ್ದರೆ ಮಾರುತ್ತಿದ್ದರೇ’ ಎನ್ನುತ್ತಾರೆ. ಇದು ಅಜ್ಞಾನ. ಸಿದ್ಧಾಂತ ಹೀಗಿದೆ: ಕಾರನ್ನು ಕೊಲ್ಲುವುದು ರೋಗವಲ್ಲ, ಶಾಕೆನ್. ಅಲ್ಲಿನ ಕಾರುಗಳಿಗೆ ಕೊಂಡ ಮೂರನೇ ವರ್ಷ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ಈ ಕಡ್ಡಾಯ ತಪಾಸಣೆ. ತೂಕದ ತೆರಿಗೆ, ಕಡ್ಡಾಯ ವಿಮೆ, ರಿಪೇರಿ ಎಲ್ಲ ಒಂದೇ ದಿನ ಮನೆ ಬಾಗಿಲಿಗೆ ಬರುತ್ತವೆ. ಐದನೆಯದೋ ಏಳನೆಯದೋ ವರ್ಷದ ಶಾಕೆನ್ ಹತ್ತಿರವಾದಾಗ ಒಡೆಯ ಲೆಕ್ಕ ಹಾಕಿ, ಹೊಸ ಕಾರೇ ವಾಸಿ ಎಂದು ಹಳೆಯದನ್ನು ಹರಾಜಿಗೆ ತಳ್ಳುತ್ತಾನೆ. ಇದನ್ನು ಅಕಾಲಮೃತ್ಯು ಎನ್ನಲಾಗದು. ಕ್ಯಾಲೆಂಡರು ನೋಡಿಕೊಂಡೇ ಆದದ್ದು.

ಚಿಬಾ ಪ್ರಾಂತ್ಯದ ನೋಡಾ ಊರು ಜಗತ್ತಿಗೆ ಕಿಕ್ಕೋಮನ್ ಸೋಯಾ ಸಾಸ್ ಕೊಟ್ಟಿದೆ. ಅದೇ ಊರಿನಲ್ಲಿ ಯುಎಸ್‌ಎಸ್ ಸಂಸ್ಥೆಯ ಟೋಕಿಯೊ ಹರಾಜುಕಟ್ಟೆಯೂ ಇದೆ. ಗುರುವಾರ ಗುರುವಾರ ಅಲ್ಲಿ ಸಾವಿರಗಟ್ಟಲೆ ಕಾರುಗಳು ಕೈ ಬದಲಿಸುತ್ತವೆ. ಒಂದೊಂದಕ್ಕೆ ಒಂದು ನಿಮಿಷವೂ ಸಿಗುವುದಿಲ್ಲ. ಪ್ರತಿ ಕಾರಿನ ಜೊತೆ ಒಂದು ಹಾಳೆ ಇರುತ್ತದೆ. ಈ ಆಕ್ಷನ್ ಶೀಟೇ ಕಾರಿನ ಜಾತಕ. ಅದರಲ್ಲಿ ಕಾರಿನ ಚಿತ್ರ ಬಿಡಿಸಿ ಮೈಮೇಲಿನ ಗಾಯಗಳನ್ನೆಲ್ಲ ಗುರುತಿಸಿರುತ್ತಾರೆ: ಗೀರಿಗೆ ಎ, ತಗ್ಗಿಗೆ ಯು, ರಿಪೇರಿಯಾದ ಅಲೆಗೆ ಡಬ್ಲ್ಯೂ, ಬದಲಿಸಿದ ಭಾಗಕ್ಕೆ ಎರಡು ಎಕ್ಸ್. ಪಕ್ಕದ ಅಂಕಿ ದೊಡ್ಡದಾದಷ್ಟೂ ಗಾಯ ದೊಡ್ಡದು. ಒಟ್ಟು ಗುಣಾಂಕ 4.5 ಇದ್ದರೆ ಉತ್ತಮ, 4 ಇದ್ದರೆ ತೃಪ್ತಿಕರ, 3.5ಕ್ಕೆ ಸ್ವಲ್ಪ ಕಣ್ಣು ಮುಚ್ಚಬೇಕು. ‘ಆರ್’ ಎಂದಿದ್ದರೆ ಪೂರ್ವಾಶ್ರಮದಲ್ಲಿ ಅಪಘಾತವಾಗಿ ಅಸ್ಥಿಪಂಜರಕ್ಕೇ ಕೈ ಹಾಕಿದ್ದಾರೆ ಎಂದರ್ಥ. ಮದುವೆ ದಲ್ಲಾಳಿಗಳಲ್ಲಿ ಇಷ್ಟು ಪ್ರಾಮಾಣಿಕತೆ ಇದ್ದಿದ್ದರೆ ಎಷ್ಟೋ ಮದುವೆಗಳು ನಡೆಯುತ್ತಲೇ ಇರಲಿಲ್ಲ. ಆದರೆ ಈ ಹಾಳೆ ಜಪಾನಿ ಭಾಷೆಯಲ್ಲಿದೆ. ನೈರೋಬಿಯ ಷೋರೂಮಿನಲ್ಲಿ ಅದನ್ನು ಕೇಳಿದರೆ ‘ಇತ್ತು, ಎಲ್ಲೋ ಹೋಯಿತು’ ಎಂಬ ಉತ್ತರ ಬರುವುದುಂಟು.

ಮೀಟರಿನ ಸತ್ಯಾಸತ್ಯ ನಿರ್ಣಯಕ್ಕೆ ಪ್ರಮಾಣಶಾಸ್ತ್ರ ಬೇಕು. ಮೀಟರು ಅರವತ್ತು ಸಾವಿರ ಕಿಲೋಮೀಟರ್ ತೋರಿಸುವುದು ಪ್ರತ್ಯಕ್ಷ. ಬ್ರೇಕ್ ಪೆಡಲಿನ ರಬ್ಬರು ಸವೆದು ನುಣುಪಾಗಿದೆ, ಸ್ಟಿಯರಿಂಗ್ ಮಿಣಮಿಣ ಹೊಳೆಯುತ್ತಿದೆ, ಚಾಲಕನ ಸೀಟು ಒಂದು ಮಗ್ಗುಲಿಗೆ ಕುಸಿದಿದೆ. ಆದ್ದರಿಂದ ಅರವತ್ತು ಸಾವಿರ ಸುಳ್ಳು ಎನ್ನುವುದು ಅನುಮಾನ. ‘ಜಪಾನಿನ ಮುದುಕಿಯೊಬ್ಬಳು ವಾರಕ್ಕೊಮ್ಮೆ ತರಕಾರಿಗೆ ಒಯ್ಯುತ್ತಿದ್ದಳು’ ಎಂದು ದಲ್ಲಾಳಿ ಹೇಳುವುದು ಶಬ್ದ. ಇವುಗಳಲ್ಲಿ ವಿರೋಧ ಬಂದರೆ ಜಪಾನ್ ಸರ್ಕಾರದ ರಫ್ತು ಪ್ರಮಾಣಪತ್ರಕ್ಕೆ ಶರಣು ಹೋಗಬೇಕು. ಹಿಂದಿನ ಶಾಕೆನ್ ಹೊತ್ತಿನ ಮೀಟರ್ ಅಂಕಿ ಅದರಲ್ಲಿ ದಾಖಲಾಗಿರುತ್ತದೆ. ಟೈರಿನ ಪಕ್ಕೆಯ ನಾಲ್ಕಂಕಿಯನ್ನೂ ಓದಬೇಕು: 2319 ಎಂದರೆ 2019ರ 23ನೇ ವಾರ. ಇನ್ನು ಹೊಕ್ಕೈಡೊ ಕಡೆಯ ಕಾರಾದರೆ ಹಿಮ ಕರಗಿಸಲು ಸುರಿದ ಉಪ್ಪು ಅಡಿಭಾಗವನ್ನು ತಿಂದಿರಬಹುದು. ಬಾನೆಟ್ ಎತ್ತಿ ತಲೆಯಾಡಿಸುವವರು ಬಗ್ಗಿ ಕೆಳಗೆ ನೋಡುವುದೇ ಇಲ್ಲ, ಪ್ಯಾಂಟು ಕೊಳೆಯಾಗುತ್ತದಂತೆ.

ಕೀನ್ಯಾದ ನಿಯಮದಂತೆ ಕಾರು ಬಲಗೈ ಸ್ಟಿಯರಿಂಗಿನದೇ ಆಗಬೇಕು. ಮೊದಲ ನೋಂದಣಿಯಾಗಿ ಎಂಟು ವರ್ಷ ಮೀರಿರಬಾರದು. ಲೆಕ್ಕ ಹಿಡಿಯುವುದು ಇಸವಿಯಿಂದ. 2025ರಲ್ಲಿ 2018ರ ಕಾರು ಪ್ರವೇಶಾರ್ಹವಾಗಿತ್ತು; 2017ರದ್ದು ಹಿಂದಿನ ವರ್ಷದ ಡಿಸೆಂಬರ್ 31ರೊಳಗೆ ಮೊಂಬಾಸಾ ಮುಟ್ಟಿದ್ದರೆ ಪುಣ್ಯಜೀವಿ, ಹಡಗು ತಡವಾಗಿ ಹೊಸ ವರ್ಷಕ್ಕೆ ಬಂದಿದ್ದರೆ ಅದೇ ಕಾರು ಪಾಪಿ. ಎಂಜಿನ್ನಿನ ಆರೋಗ್ಯಕ್ಕೆ ಇಲ್ಲಿ ಸ್ಥಾನವಿಲ್ಲ. ತೆರಿಗೆ ಪ್ರಕರಣವಂತೂ ಶುದ್ಧ ಅದ್ವೈತ: ಕೊಂಡವನು ಕೊಟ್ಟ ಬೆಲೆ ಮಿಥ್ಯೆ, ಕಂದಾಯ ಪ್ರಾಧಿಕಾರದ ಪಟ್ಟಿಯಲ್ಲಿರುವ ಹೊಸ ಕಾರಿನ ಬೆಲೆಯಿಂದ ಸವಕಳಿ ಕಳೆದು ಬಂದದ್ದೇ ಸತ್ಯ. ಆ ಸತ್ಯದ ಮೇಲೆ ಶೇ. 35 ಆಮದು ಸುಂಕ, ಸುಂಕ ಸೇರಿದ ಮೊತ್ತದ ಮೇಲೆ ಅಬಕಾರಿ, ಅಬಕಾರಿಯೂ ಸೇರಿದ ಮೊತ್ತದ ಮೇಲೆ ಶೇ. 16 ವ್ಯಾಟ್. ಜೊತೆಗೆ ರೈಲ್ವೆ ಅಭಿವೃದ್ಧಿ ಕರವೂ ಇದೆ. ರೈಲು ಹತ್ತಬಾರದೆಂದೇ ಕಾರು ಕೊಂಡವನಿಂದ ರೈಲಿಗೆ ದುಡ್ಡು ವಸೂಲು ಮಾಡುವ ಈ ತರ್ಕಕ್ಕೆ ಭಾಷ್ಯ ಬರೆಯುವ ಧೈರ್ಯ ಯಾರಿಗೂ ಬಂದಿಲ್ಲ.

ಮರುಹುಟ್ಟಿದವರಿಗೆ ಪೂರ್ವಜನ್ಮದ ಸ್ಮರಣೆ ಇರುತ್ತದೆಯೇ? ತತ್ತ್ವಜ್ಞರು ಶತಮಾನಗಳಿಂದ ಜಗಳವಾಡಿದ ಈ ಪ್ರಶ್ನೆಯನ್ನು ಟೊಯೊಟಾ ವಿಟ್ಜ್ ಒಂದೇ ಕೀಲಿಕೈ ತಿರುವಿಗೆ ಬಗೆಹರಿಸಿದೆ. ಎಂಜಿನ್ ಶುರುವಾದೊಡನೆ ಹೆಂಗಸಿನ ದನಿಯೊಂದು ಜಪಾನಿಯಲ್ಲಿ ಬಹಳ ವಿನಯದಿಂದ ಟೋಲ್ ಕಾರ್ಡು ಹಾಕಿಲ್ಲವೆಂದು ನೆನಪಿಸುತ್ತದೆ. ಆ ಕಾರ್ಡು ನಡೆಯುವ ಟೋಲ್‌ಗೇಟು ಸಮುದ್ರದಾಚೆ ಇದೆ. ಪರದೆಯ ನಕ್ಷೆಯಲ್ಲಿ ಜಪಾನ್ ಬಿಟ್ಟರೆ ಬೇರೆ ದೇಶವೇ ಇಲ್ಲ. ರೇಡಿಯೊ ಜಪಾನಿನ ಪದ್ಧತಿಯಂತೆ 76ರಿಂದ 90 ಮೆಗಾಹರ್ಟ್ಸ್ ವರೆಗೆ ಮಾತ್ರ ಕೇಳಿಸಿಕೊಳ್ಳುತ್ತದೆ, ಈಚಿನವು 95ರ ತನಕ. ಕೀನ್ಯಾದ ಕೇಂದ್ರಗಳು 88ರಿಂದ 108ರವರೆಗೆ ಹರಡಿವೆ. ಹೀಗಾಗಿ ಒಡೆಯ ಅಂಚಿನ ನಾಲ್ಕಾರು ಕೇಂದ್ರಗಳ ಕಾಯಂ ಶ್ರೋತೃವಾಗಿ, ಕ್ರಮೇಣ ಅವರ ಅಭಿಪ್ರಾಯಗಳನ್ನೇ ತನ್ನವೆಂದು ಹೇಳತೊಡಗುತ್ತಾನೆ. ಬ್ಯಾಂಡ್ ಎಕ್ಸ್‌ಪ್ಯಾಂಡರ್ ಎಂಬ ಪುಟ್ಟ ಡಬ್ಬಿ ಹಾಕಿಸಿದರೆ ಇದಕ್ಕೆ ಪರಿಹಾರವುಂಟು. ಆದರೆ ಬ್ಯಾಟರಿ ತಂತಿ ಬಿಚ್ಚುವಾಗ ಎಚ್ಚರ: ಕೆಲವು ಟೊಯೊಟಾ ಸೆಟ್ಟುಗಳು ಕೋಡ್ ಕೇಳಿ ಮೌನವ್ರತ ಹಿಡಿಯುತ್ತವೆ.

ಪಾಲನಾ ಪ್ರಕರಣಕ್ಕೆ ಬಂದರೆ, ಕೈಪಿಡಿ ಶ್ರುತಿ. ಜಪಾನಿಯಲ್ಲಿರುವುದರಿಂದ ಅಪೌರುಷೇಯದಷ್ಟೇ ದುರ್ಗಮ. ಫುಂಡಿ ಎಂದು ಕೀನ್ಯಾದವರು ಕರೆಯುವ ಮೆಕ್ಯಾನಿಕ್‌ನ ಮಾತು ಸ್ಮೃತಿ. ಎರಡಕ್ಕೂ ವಿರೋಧ ಬಂದರೆ ಶ್ರುತಿಯೇ ಬಲವತ್ತರವೆಂಬುದು ಸನಾತನ ನಿಯಮ, ಗ್ಯಾರೇಜಿನಲ್ಲಿ ತದ್ವಿರುದ್ಧ. ಶ್ರುತಿ ತೆಳುವಾದ 0ಡಬ್ಲ್ಯೂ-20 ಎಣ್ಣೆ ಎನ್ನುತ್ತದೆ; ‘ಇಲ್ಲಿನ ಬಿಸಿಲಿಗೆ ದಪ್ಪವೇ ಸರಿ’ ಎನ್ನುತ್ತದೆ ಸ್ಮೃತಿ. ಸಿವಿಟಿ ಗೇರ್‌ಬಾಕ್ಸಿಗೆ ಅದರದೇ ದ್ರವ ಬೇಕು. ಸಾಧಾರಣ ಆಟೊಮ್ಯಾಟಿಕ್‌ನ ಎಣ್ಣೆ ಸುರಿದರೆ ಒಳಗಿನ ಉಕ್ಕಿನ ಪಟ್ಟಿ ಜಾರಿ, ಸವೆದು, ಉಳಿಸಿದ ಕಾಸಿನ ಎಷ್ಟೋ ಪಟ್ಟು ಕಸಿಯುತ್ತದೆ. ಕೂಲಂಟ್ ಇರಬೇಕಾದಲ್ಲಿ ನಲ್ಲಿ ನೀರು ಹೊಯ್ಯುವುದು ಇದೇ ಸಂಪ್ರದಾಯದ ಇನ್ನೊಂದು ಶಾಖೆ. ಟೊಯೊಟಾ ಆಕ್ವಾದಂಥ ಹೈಬ್ರಿಡ್‌ನಲ್ಲಿ ಹಿಂದಿನ ಸೀಟಿನ ಬಳಿಯ ಗಾಳಿಕಿಂಡಿ ಬ್ಯಾಟರಿಯ ಮೂಗು. ಅದರ ಮೇಲೆ ಚೀಲ ಒಟ್ಟುವವರು ಬ್ಯಾಟರಿ ಸತ್ತಾಗ ಜಪಾನನ್ನು ಬೈಯುತ್ತಾರೆ.

ಹಳೆಯ ಮಾದರಿಯಾದರೆ ತಕಾತಾ ಏರ್‌ಬ್ಯಾಗಿನ ರೀಕಾಲ್ ಆಗಿದೆಯೇ ಎಂದು ಷಾಸಿ ನಂಬರು ಕೊಟ್ಟು ವಿಚಾರಿಸಲೇಬೇಕು. ವರ್ಷಗಟ್ಟಲೆ ಸೆಕೆ, ತೇವ ಕುಡಿದ ಅದರ ಇನ್‌ಫ್ಲೇಟರ್ ಸಿಡಿದು ಲೋಹದ ಚೂರು ಎರಚಬಹುದು. ಮೊಂಬಾಸಾದಲ್ಲಿ ಸೆಕೆಗೂ ತೇವಕ್ಕೂ ಬರವಿಲ್ಲ. ಇದರಲ್ಲಿ ತಮಾಷೆಯಿಲ್ಲ.

ಬಿಡಿಭಾಗಗಳ ತೀರ್ಥಕ್ಷೇತ್ರ ನೈರೋಬಿಯ ಕಿರಿನ್ಯಾಗಾ ರಸ್ತೆ. ಅಲ್ಲಿ ಕಾರಿನ ಹೆಸರು ಹೇಳಿದರೆ ಸಾಲದು, ಷಾಸಿ ನಂಬರಿನ ಮೊದಲ ಅಕ್ಷರಗಳೇ ಗೋತ್ರ: ಟೊಯೊಟಾ ಫೀಲ್ಡರ್ ಎಂದರೆ ಯಾರೂ ಏಳುವುದಿಲ್ಲ, ಎನ್‌ಝಡ್‌ಇ141 ಎಂದರೆ ಡಬ್ಬಿ ಕೆಳಗಿಳಿಯುತ್ತದೆ. ಕಾರು ಕೊಂಡವರು ಪಕ್ಕದ ಕನ್ನಡಿ, ಗಾಜುಗಳ ಮೇಲೆಲ್ಲ ನಂಬರು ಕೆತ್ತಿಸುತ್ತಾರೆ. ಕಳ್ಳನಿಗೆ ವಿಳಾಸ ತಿಳಿಸುವುದು ಉದ್ದೇಶವಲ್ಲ. ಕದ್ದ ಕನ್ನಡಿಗೆ ಗಿರಾಕಿ ಸಿಗದಿರಲೆಂದು.

ಕಡೆಯ ಪ್ರಕರಣ ಮರುಮಾರಾಟದ್ದು. ಅಲ್ಲಿ ಮತ್ತೆ ಶಬ್ದಪ್ರಮಾಣವೇ ಗತಿ. ‘ಲೇಡಿ ಓನ್ಡ್, ಅಪಘಾತವಿಲ್ಲ’ ಎಂಬುದು ಜಾಹೀರಾತುಗಳ ಮಂತ್ರ. ಅವನ್ನೆಲ್ಲ ನಂಬಿದರೆ ನೈರೋಬಿಯಲ್ಲಿ ಗಂಡಸರು ಕಾರನ್ನೇ ಓಡಿಸುವುದಿಲ್ಲ ಎಂಬ ನಿಗಮನಕ್ಕೆ ಬರಬೇಕಾಗುತ್ತದೆ. ಸಂಜೆ ಐದೂವರೆಗೆ ಥಿಕಾ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತವರಿಗೆ ಇದು ಪ್ರತ್ಯಕ್ಷವಿರೋಧ.