ಲೆಕ್ಕಕ್ಕಿಲ್ಲದ ದ್ರಾಕ್ಷಿ

ನಮ್ಮ ವೈನ್ ಸ್ಟೋರ್ಸ್‌ಗಳಲ್ಲಿ ಸುಲಭಕ್ಕೆ ಸಿಗದ ವಸ್ತುವೆಂದರೆ ವೈನ್. ಬ್ರಾಂದಿ, ರಮ್ಮು ಕೇಳುವ ಮೊದಲೇ ಕೌಂಟರಿಗೆ ಬಂದು ಕೂತಿರುತ್ತವೆ. ವೈನ್ ಎಂದರೆ ಮಾತ್ರ ಅಂಗಡಿಯ ಹುಡುಗ, ಮನೆಯಲ್ಲಿ ಯಾರಿಗೋ ಹುಷಾರಿಲ್ಲವೇನೋ ಎಂಬಂತೆ ನಮ್ಮ ಮುಖ ನೋಡಿ, ಸ್ಟೂಲು ಹತ್ತಿ ಒಂದು ಬಾಟಲಿ ಇಳಿಸಿ ಧೂಳು ಒರೆಸುತ್ತಾನೆ. ಸಾಮಾನ್ಯವಾಗಿ ಅದು ಸಿಹಿಯಾದ ಪೋರ್ಟ್ ವೈನು. ಎಷ್ಟೋ ಸಲ ಅದರೊಳಗಿರುವುದು ನಮ್ಮದೇ ಬೆಂಗಳೂರು ಬ್ಲೂ.

ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಚಪ್ಪರದಲ್ಲಿ ಬೆಳೆಯುವ ಈ ದ್ರಾಕ್ಷಿಯನ್ನು ತಿನ್ನುವುದೂ ಒಂದು ವಿದ್ಯೆ. ಬೆರಳಲ್ಲಿ ಒತ್ತಿದರೆ ತಿರುಳು ಬುಳಕ್ಕನೆ ಬಾಯಿಗೆ ಹಾರುತ್ತದೆ, ದಪ್ಪ ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಬೀಜ ಉಗುಳಲು ಜಾಗ ಹುಡುಕಬೇಕು. ಅಂಗಿಯ ಮೇಲೆ ಬಿದ್ದ ಹನಿ ಅಂಗಿ ಹರಿಯುವ ತನಕ ಜೊತೆಗಿರುತ್ತದೆ. 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೇನೋ ಸಿಕ್ಕಿತು. ತಳ್ಳುಗಾಡಿಯ ಮುಂದೆ ನಿಂತ ಗಿರಾಕಿ ಮಾತ್ರ ಈಗಲೂ ‘ಬೀಜ ಇದೆಯಾ?’ ಎಂದೇ ಮೂಗು ಮುರಿಯುತ್ತಾನೆ.

ಊರಿನ ಹೆಸರು ಹೊತ್ತರೂ ಇದರ ತವರು ಅಮೆರಿಕ. ಅಲ್ಲಿನ ಇಸಬೆಲ್ಲಾ ತಳಿಯೇ ಇದು. ನ್ಯೂಯಾರ್ಕಿನ ವಿಲಿಯಂ ಪ್ರಿನ್ಸ್ ಎಂಬ ನರ್ಸರಿಯವನು 1816ರ ಸುಮಾರಿಗೆ ಬ್ರೂಕ್ಲಿನ್ನಿನ ಇಸಬೆಲ್ಲಾ ಗಿಬ್ಸ್ ಅವರ ತೋಟದಿಂದ ಇದನ್ನು ಪಡೆದು, ಆಕೆಯ ಹೆಸರನ್ನೇ ಇಟ್ಟ. ಬಳ್ಳಿ ಫ್ರಾನ್ಸಿಗೂ ಹೋಯಿತು. ಅಲ್ಲಿ 1934ರ ಕಾನೂನು ಇದನ್ನೂ ಇನ್ನೈದು ತಳಿಗಳನ್ನೂ ಮಾರುಕಟ್ಟೆಯಿಂದ ಹೊರಗಟ್ಟಿತು. ಇವುಗಳ ವೈನ್ ಕುಡಿದರೆ ಹುಚ್ಚು ಹಿಡಿಯುತ್ತದೆಂದು ಪುಕಾರೂ ಹಬ್ಬಿತು. ದೇಶದಲ್ಲಿ ಆಗ ವೈನ್ ಬೇಕಾದ್ದಕ್ಕಿಂತ ಹೆಚ್ಚಾಗಿತ್ತು. ಮನೆ ತುಂಬಿದಾಗ ಮೊದಲು ಎದ್ದು ಹೋಗಬೇಕಾದವರು ಯಾರೆಂದು ಹೇಳಬೇಕೆ? ಇದಕ್ಕೆ ನರಿಯ ವಾಸನೆ ಎಂಬುದು ರಸಜ್ಞರ ಇನ್ನೊಂದು ತಕರಾರು. ಆ ಮಹನೀಯರು ನರಿಯನ್ನು ಯಾವಾಗ ಮೂಸಿದ್ದರೋ! ಇಟಲಿಯವರಿಗೆ ಅದೇ ಘಮ ಸ್ಟ್ರಾಬೆರಿಯಂತೆ ಕಂಡು, ಇದರ ವೈನಿಗೆ ಫ್ರಾಗೊಲೀನೊ ಎಂದು ಮುದ್ದಿನ ಹೆಸರಿಟ್ಟರು.

ನಂದಿಬೆಟ್ಟದ ತಪ್ಪಲಿನಲ್ಲೇ ಗ್ರೋವರ್ ಕುಟುಂಬದವರು ಫ್ರೆಂಚ್ ತಳಿಗಳನ್ನು ತಂದು ನೆಟ್ಟರು. ಕ್ಯಾಬರ್ನೆ, ಶಿರಾಜ್ ಬೆರೆತ ಅವರ ಲಾ ರಿಸರ್ವ್ ಗಂಭೀರವಾದ ವೈನು, ಒಪ್ಪೋಣ. ಆದರೆ ಅದನ್ನು ಖಾರದ ಮಟನ್ ಚಾಪ್ಸ್ ಜೊತೆ ಕುಡಿದರೆ ಒಗರೂ ಖಾರವೂ ನಾಲಿಗೆಯ ಮೇಲೆ ಜಗಳಕ್ಕೆ ಬೀಳುತ್ತವೆ. ಸಿಹಿ ವೈನಿನದು ರಾಜಿ ಸ್ವಭಾವ. ಖಾರವನ್ನು ತಣಿಸುತ್ತದೆ, ಉಪ್ಪಿನ ಜೊತೆ ಹೊಂದಿಕೊಳ್ಳುತ್ತದೆ, ಹುಳಿಯಿಂದ ಜಿಡ್ಡು ಕಳೆಯುತ್ತದೆ. ಕಾಚಂಪುಳಿ ಹಾಕಿದ ಪಂದಿ ಕರಿಗೆ, ನಿಪ್ಪಟ್ಟಿಗೆ, ಕಾಂಗ್ರೆಸ್ ಕಡ್ಲೆಬೀಜಕ್ಕೆ ನನ್ನ ಓಟು ಬೆಂಗಳೂರು ಬ್ಲೂಗೇ. ಮುದ್ದೆಗೆ ಮಾತ್ರ ಯಾವ ವೈನೂ ಬೇಡ, ಅದಕ್ಕೆ ಸಾರೇ ಸಾಕು.

ಫ್ರೇಜರ್ ಟೌನಿನ ಒಬ್ಬ ಆಂಟಿ ಕ್ರಿಸ್‌ಮಸ್‌ಗೆಂದು ದ್ರಾಕ್ಷಿ, ಸಕ್ಕರೆ, ಯೀಸ್ಟು, ಹಿಡಿ ಗೋಧಿ, ಚಕ್ಕೆ ಲವಂಗಗಳನ್ನು ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಮರದ ಸೌಟಿನಲ್ಲಿ ಕದಡುತ್ತಾರೆ. ಸೋಸಿದ ಮೇಲೆ ತಿಳಿಯಾಗಲೆಂದು ಮೊಟ್ಟೆಯ ಬಿಳಿ ಬೆರೆಸುತ್ತಾರೆ. ಪಕ್ಕದ ಮನೆಯ ರಾಯರು ಶುದ್ಧ ಸಸ್ಯಾಹಾರಿ. ‘ನಿಮ್ಮದಕ್ಕೆ ಮೊಟ್ಟೆ ಹಾಕಿಲ್ಲ ರಾಯರೇ’ ಎಂದು ಆಂಟಿ ಬೇರೆಯದೇ ಬಾಟಲಿ ಕಳಿಸುತ್ತಾರೆ. ಅದು ಕೊಂಚ ಮಬ್ಬಾಗಿರುತ್ತದೆ. ಮಬ್ಬಾಗಿರುವುದರಿಂದ ಅದು ಜ್ಯೂಸೇ ಎಂಬುದು ರಾಯರ ತೀರ್ಮಾನ. ಕೋಡುಬಳೆಯ ಜೊತೆ ಎರಡು ಲೋಟ ಜ್ಯೂಸು ಮುಗಿಸಿ, ಮೂರನೆಯದಕ್ಕೆ ಮನೆಯವರ ಕಡೆ ನೋಡುತ್ತಾರೆ.